ಎಂಜಿನ್ ನಿಂತರೂ ಪ್ರೆಶರ್ ನಿಂತಿರುವುದಿಲ್ಲ: ಬೋರ್‌ವೆಲ್ ರಿಗ್‌ನಲ್ಲಿ ರಾಡ್ ಬಿಚ್ಚುವ ಕೆಲಸ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಬೋರ್ ಈಗ ಮಾಮೂಲಿ. ಸಾವಿರ ಅಡಿ ಎಂದರೆ 20 ಅಡಿಯ 50 ರಾಡ್ (ಕೊರೆಯುವ ಬಿಟ್ಟನ್ನು ತುದಿಯಲ್ಲಿ ಹೊತ್ತು ಇಳಿಯುವ ಟೊಳ್ಳು ಕೊಳವೆ). ಪ್ರತಿಯೊಂದನ್ನೂ ಒಮ್ಮೆ ಎತ್ತಿ ಜೋಡಿಸಬೇಕು, ಕೊನೆಗೆ ಬಿಚ್ಚಿ ಇಳಿಸಬೇಕು. ಹೀಗೆ ಒಂದೇ ಬೋರ್‌ಗೆ ನೂರು ಸಲ ಹೆಲ್ಪರ್‌ನ ಕೈ ಹೈಡ್ರಾಲಿಕ್ (ಎಣ್ಣೆಯ ಪ್ರೆಶರ್‌ನಿಂದ ತಳ್ಳುವ) ಸಿಲಿಂಡರ್‌ನ ಪಕ್ಕಕ್ಕೆ ಹೋಗುತ್ತದೆ. ನಾಲ್ಕೂವರೆ ಇಂಚಿನ ರಾಡ್ ಒಂದೊಂದೂ ನೂರು ಕೆಜಿ ಆಸುಪಾಸು ತೂಗುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ರಾಡ್ ಬಿಚ್ಚುವಾಗ. ಅಷ್ಟು ಹೊತ್ತಿಗೆ ಬೋರ್ ಮುಗಿದಿರುತ್ತದೆ, ಮೈ ದಣಿದಿರುತ್ತದೆ, ಎಲ್ಲರಿಗೂ ಮುಂದಿನ ಪಾಯಿಂಟ್‌ಗೆ ಹೊರಡುವ ಅವಸರ.

ಬಿಚ್ಚುವ ಮುಂಚೆ ಗಾಳಿ. ಕಂಪ್ರೆಸರ್ ಗಾಳಿ ಬಂದ್ ಮಾಡಿದ ಮಾತ್ರಕ್ಕೆ ರಾಡಿನ ಒಳಗಿನ ಗಾಳಿ ಹೋಗಿಬಿಡುವುದಿಲ್ಲ. ಬಿಟ್‌ನ ತೂತುಗಳು ಕೆಸರಿನಿಂದ ಕಟ್ಟಿಕೊಂಡಿದ್ದರೆ ಕೆಳಗಡೆ ಅದಕ್ಕೆ ದಾರಿಯೇ ಇಲ್ಲ. 300 ಪಿಎಸ್‌ಐ ಗಾಳಿ ತುಂಬಿರುವ ಜಾಯಿಂಟ್ ಬಿಚ್ಚಿದರೆ ರಾಡ್ ಎಗರುತ್ತದೆ. ಬ್ಲೋಡೌನ್ ವಾಲ್ವ್ ತೆರೆದು, ಗೇಜ್ ಮುಳ್ಳು ಸೊನ್ನೆಗೆ ಬರುವ ತನಕ ಕಾಯಬೇಕು.

ಆಮೇಲೆ ಟೇಬಲ್ ಸ್ಪ್ಯಾನರ್, ಅಂದರೆ ಕೆಳಗಿನ ರಾಡ್ ತಿರುಗದಂತೆ ಹಿಡಿಯುವ ಸ್ಪ್ಯಾನರ್. ಅದು ಆ ರಾಡಿನ ಫ್ಲಾಟ್‌ಗೆ (ಚಪ್ಪಟೆ ಮಾಡಿದ ಜಾಗಕ್ಕೆ) ಕೊನೆಯವರೆಗೂ ಹೊಕ್ಕು ಕೂರಬೇಕು. ಫ್ಲಾಟ್‌ನ ಅಂಚು ಸವೆದು ದುಂಡಗಾಗಿದ್ದರೆ, ಸ್ಪ್ಯಾನರ್‌ನ ಬಾಯಿ ಅಗಲವಾಗಿದ್ದರೆ ಅಥವಾ ಅದಕ್ಕೆ ವೆಲ್ಡಿಂಗ್ ತೇಪೆ ಬಿದ್ದಿದ್ದರೆ ಅದನ್ನು ಪಕ್ಕಕ್ಕಿಡಿ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: 80 ಮಿ.ಮೀ. ಒಳವ್ಯಾಸದ ಬ್ರೇಕ್‌ಔಟ್ ಸಿಲಿಂಡರ್ (ಬಿಗಿದ ಜಾಯಿಂಟ್ ಸಡಿಲಿಸುವ ಸಿಲಿಂಡರ್) 150 ಬಾರ್ ಎಣ್ಣೆ ಪ್ರೆಶರ್‌ನಲ್ಲಿ ಸುಮಾರು ಏಳೂವರೆ ಟನ್ ಬಲದಿಂದ ತಳ್ಳುತ್ತದೆ. ಜಾಯಿಂಟ್ ಪಟ್ಟನೆ ಸಡಿಲಾದಾಗ ಅಥವಾ ಹಿಡಿತ ಜಾರಿದಾಗ ಆ ಬಲವೆಲ್ಲ ಸ್ಪ್ಯಾನರ್‌ನ ತುದಿಯಲ್ಲಿರುತ್ತದೆ. ಆದ್ದರಿಂದ ಹೆಲ್ಪರ್ ಸ್ಪ್ಯಾನರ್ ಕೂರಿಸಿ, ಅದು ಬೀಸಬಹುದಾದ ಅಳತೆಯಿಂದ ಆಚೆ ಬಂದು, ಎರಡೂ ಕೈ ಮೇಲೆತ್ತಿ ತೋರಿಸಿದ ಮೇಲೆಯೇ ಡ್ರಿಲ್ಲರ್ ಲಿವರ್ ಮುಟ್ಟಬೇಕು. ಕಂಪ್ರೆಸರ್ ಸದ್ದಿನಲ್ಲಿ ಕೂಗಿದ್ದು ಕೇಳಿಸದು. ಡ್ರಿಲ್ಲರ್ ತಮಿಳು, ಹೆಲ್ಪರ್ ಹಿಂದಿ ಮಾತಾಡುವ ತಂಡಗಳೂ ನಮ್ಮಲ್ಲಿ ಇವೆ. ಕೈಸನ್ನೆ ಒಂದೇ ಎಲ್ಲರಿಗೂ ಅರ್ಥವಾಗುವುದು. ಜಾಯಿಂಟ್ ಸಡಿಲಾದ ಮೇಲೆ ಹೆಡ್ಡನ್ನು (ರಾಡ್ ತಿರುಗಿಸುವ ಭಾಗ) ನಿಧಾನಕ್ಕೆ ರಿವರ್ಸ್ ತಿರುಗಿಸುತ್ತ, ಥ್ರೆಡ್ ಬಿಟ್ಟುಕೊಂಡಷ್ಟೂ ಫೀಡ್ (ಹೆಡ್ಡನ್ನು ಮೇಲೆ ಕೆಳಗೆ ಒಯ್ಯುವ ಭಾಗ) ಮೇಲಕ್ಕೆ ಬಿಡಬೇಕು. ಕೆಳಗಿನ ರಾಡನ್ನು ಸ್ಪ್ಯಾನರ್ ಹಿಡಿದಿಲ್ಲದಿರುವಾಗ ರಿವರ್ಸ್ ಕೊಡಲೇಬಾರದು, ಒಳಗೆ ಎಲ್ಲೋ ಒಂದು ಜಾಯಿಂಟ್ ಕಳಚಿ ಹ್ಯಾಮರ್ (ಬಿಟ್‌ಗೆ ಬಡಿಯುವ ಸಾಧನ) ಬೋರ್‌ನಲ್ಲೇ ಉಳಿದೀತು.

ಜಾಯಿಂಟ್ ಬಿಚ್ಚಲಿಲ್ಲವೆಂದರೆ ಏನು ಮಾಡುತ್ತಾರೆ? ಎಣ್ಣೆಯ ಪ್ರೆಶರ್ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್‌ನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಅನೇಕ ತೊಂದರೆಗಳ ಬೇರು ಇದೇ. ಅರ್ಧ ಸುತ್ತಿಗೆ ಎಷ್ಟು ಬಾರ್ ಏರಿತೆಂದು ಗೇಜ್ ಇಲ್ಲದೆ ಹೇಳಲಾಗದು. ಏರಿದ ಪ್ರೆಶರ್ ಆ ಲೈನಿನ ಎಲ್ಲ ಹೋಸ್, ಎಲ್ಲ ಸೀಲ್‌ಗಳ ಮೇಲೂ ಬೀಳುತ್ತದೆ. ಇಳಿಸಿಡಲು ಯಾರಿಗೂ ನೆನಪಿರುವುದಿಲ್ಲ. ಅಸಲಿಗೆ ಜಾಯಿಂಟ್ ಕಚ್ಚಿಕೊಂಡದ್ದು ರಾಡ್ ಜೋಡಿಸುವಾಗ ಥ್ರೆಡ್ ಒರೆಸದೆ, ಗ್ರೀಸ್ ಹಚ್ಚದೆ ಬಿಟ್ಟಿದ್ದರಿಂದ. ಕಲ್ಲಿನ ಪುಡಿ ಕೂತ ಒಣ ಥ್ರೆಡ್ ಕೊರೆಯುವಾಗಿನ ತಿರುಗುಬಲಕ್ಕೆ ಇನ್ನಷ್ಟು ಬಿಗಿಯಾಗುತ್ತ ಹೋಗುತ್ತದೆ. ರಾಡ್ ಸೇರಿಸುವಾಗಲೆಲ್ಲ ಬ್ರಷ್‌ನಲ್ಲಿ ಥ್ರೆಡ್ ಗ್ರೀಸ್ ಹಚ್ಚಿದರೆ ಆ ಸ್ಕ್ರೂ ಮುಟ್ಟುವ ಸಂದರ್ಭ ಬಹುಮಟ್ಟಿಗೆ ಬರುವುದೇ ಇಲ್ಲ. ಸೆಟ್ಟಿಂಗ್ ಬದಲಿಸಲೇಬೇಕಿದ್ದರೆ ಗೇಜ್ ಹಾಕಿ, ಕಂಪನಿಯ ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೆ ಸರಿಮಾಡಿ ಲಾಕ್‌ನಟ್‌ಗೆ ಪೇಂಟ್ ಗುರುತು ಹಾಕಿ.

ಹೋಸ್ ಬದಲಿಸುವಾಗಲೂ ಇಂಥದೇ ಒಂದು ತಪ್ಪಾಗುತ್ತದೆ. "ಎರಡು ತಂತಿಯದ್ದು ಕೊಡಿ" ಅಂದರೆ ಸಾಲದು. ಅದೇ 2ಎಸ್‌ಎನ್ ದರ್ಜೆಯಲ್ಲಿ (ಒಳಗೆ ಎರಡು ಪದರ ಉಕ್ಕಿನ ತಂತಿ ಹೆಣೆದ ಹೋಸ್) ಅರ್ಧ ಇಂಚಿನ ಹೋಸ್ 275 ಬಾರ್ ತಡೆದರೆ, ಮುಕ್ಕಾಲು ಇಂಚಿನದು 215, ಒಂದು ಇಂಚಿನದು 165 ಮಾತ್ರ. ಹೋಸ್ ದಪ್ಪ ಕಂಡಿತೆಂದು ಗಟ್ಟಿ ಎಂದುಕೊಳ್ಳಬೇಡಿ. ದಿನಾ ಬೆಳಿಗ್ಗೆ, ಎಂಜಿನ್ ಹಾಕುವ ಮೊದಲು, ಫೆರೂಲ್ (ಹೋಸ್ ತುದಿಗೆ ಒತ್ತಿ ಕೂರಿಸಿದ ಲೋಹದ ಬಳೆ) ಪಕ್ಕದ ಮೂರ್ನಾಲ್ಕು ಇಂಚು ಮತ್ತು ಮಾಸ್ಟ್‌ಗೆ (ರಿಗ್‌ನ ಎತ್ತರದ ಕಂಬಕ್ಕೆ) ಉಜ್ಜುವ ಜಾಗ ನೋಡಿ. ರಬ್ಬರ್ ಉಬ್ಬಿದ್ದರೆ, ಒಳಗಿನ ತಂತಿ ಕಂಡರೆ, ಮೇಲೆ ಅಚ್ಚಾದ ಗೆರೆ ಸುರುಳಿ ತಿರುಗಿದ್ದರೆ ಹೋಸ್ ಬದಲಿಸಬೇಕು. ಟೇಪ್ ಸುತ್ತುವುದರಿಂದ ಏನೂ ಆಗದು.

ರಾಡ್ ಎತ್ತುವ ತೋಳಿನ ಸಿಲಿಂಡರ್‌ಗೆ ಲಾಕ್ ವಾಲ್ವ್ ಇರುತ್ತದೆ. ಹೋಸ್ ಒಡೆದರೂ ಭಾರ ಕೆಳಗೆ ಬೀಳದಂತೆ ಹಿಡಿಯುವುದು ಅದೇ. ಅದು ಸಿಲಿಂಡರ್‌ಗೇ ನೇರ ಕೂತಿರಬೇಕು. ನಡುವೆ ಹೋಸ್ ಬಂದರೆ ಆ ಹೋಸ್ ಒಡೆದ ದಿನ ವಾಲ್ವ್ ಇದ್ದೂ ಇಲ್ಲದಂತೆ. ವಾರಕ್ಕೊಮ್ಮೆ ಪರೀಕ್ಷಿಸಿ: ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ರಾಡ್ ಸಮೇತ ತೋಳನ್ನು ಸ್ವಲ್ಪ ಎತ್ತಿ, ಎಂಜಿನ್ ಆಫ್ ಮಾಡಿ, ಲಿವರನ್ನು ಇಳಿಸುವ ಕಡೆಗೆ ತಳ್ಳಿ. ತೋಳು ಅಲುಗಬಾರದು. ಸಿಲಿಂಡರ್ ರಾಡಿನ ಮೇಲೆ ಗ್ಲ್ಯಾಂಡ್ (ಅದು ಸಿಲಿಂಡರ್‌ನಿಂದ ಹೊರಬರುವ ಬಾಯಿ) ಅಂಚಿಗೆ ಚಾಕ್ ಗೆರೆ ಎಳೆದು ಹತ್ತು ನಿಮಿಷ ಬಿಟ್ಟು ನೋಡಿ. ಗೆರೆ ಸರಿದಿದ್ದರೆ ವಾಲ್ವ್ ಸೀಟಿನಲ್ಲಿ ಕಸ ಇದೆ, ಇಲ್ಲವೇ ಪಿಸ್ಟನ್ ಸೀಲ್ ಹೋಗಿದೆ.

ಇದೇ ಲಾಕ್ ವಾಲ್ವ್ ರಿಪೇರಿ ಮಾಡುವವರಿಗೆ ಅಪಾಯವೂ ಹೌದು. ಎಂಜಿನ್ ನಿಲ್ಲಿಸಿ ಲಿವರ್ ಹಿಂದೆ ಮುಂದೆ ಆಡಿಸಿದರೆ ಹೋಸಿನ ಪ್ರೆಶರ್ ಇಳಿಯುತ್ತದೆ, ಆದರೆ ವಾಲ್ವ್‌ನ ಆಚೆ, ಸಿಲಿಂಡರ್ ಒಳಗಿನದು ಹಾಗೇ ಇರುತ್ತದೆ. ತೋಳು ತನ್ನ ರೆಸ್ಟ್ ಮೇಲೆ ಪೂರ್ತಿ ಕೂತು ಭಾರ ಕಬ್ಬಿಣದ ಮೇಲೆ ಬೀಳುವ ತನಕ ಅಲ್ಲಿನ ಒಂದು ನಟ್ ಕೂಡ ಸಡಿಲಿಸಬೇಡಿ.

ಎಣ್ಣೆ ಸೋರುವ ಜಾಗ ಹುಡುಕಲು ಕೈ ಸವರುವ ಅಭ್ಯಾಸ ಇವತ್ತೇ ಬಿಡಬೇಕು. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಗ್ಲೌಸ್, ಚರ್ಮ ಎರಡನ್ನೂ ತೂರಿ ಒಳಹೋಗುತ್ತದೆ. ದೂರದಿಂದ ರಟ್ಟು ಹಿಡಿದು ನೋಡಿ. ಹಾಗೇನಾದರೂ ಒಳಹೊಕ್ಕರೆ ಮೊದಲಿಗೆ ಸೊಳ್ಳೆ ಕಚ್ಚಿದಷ್ಟೇ ಗಾಯ ಕಾಣುತ್ತದೆ, ಅಂಥ ನೋವೂ ಇರುವುದಿಲ್ಲ. ಒಳಗೆ ಎಣ್ಣೆ ಬೆರಳಿನ ನರಕಟ್ಟಿನ ಗುಂಟ ಹರಡಿ ಮಾಂಸ ಕೊಳೆಯಿಸುತ್ತದೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ಆಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಬೆರಳೇ ಹೋಗಬಹುದು. ಸರ್ಜನ್ ಇರುವ ಆಸ್ಪತ್ರೆಗೆ ನೇರ ಹೋಗಿ, "ಹೈಡ್ರಾಲಿಕ್ ಎಣ್ಣೆ ಪ್ರೆಶರ್‌ನಲ್ಲಿ ಒಳಹೋಗಿದೆ" ಎಂದು ಸ್ಪಷ್ಟವಾಗಿ ಹೇಳಿ. ಎಷ್ಟು ಹೊತ್ತಿಗೆ ಆಯಿತು, ಎಷ್ಟು ಬಾರ್ ಇತ್ತು ಎನ್ನುವುದನ್ನು ಬರೆದುಕೊಂಡು, ಎಣ್ಣೆ ಡಬ್ಬಿಯ ಲೇಬಲ್‌ನ ಫೋಟೊ ತೆಗೆದುಕೊಂಡು ಹೋಗಿ.