ಉಪ್ಪಿಟ್ಟು ಬೇಕಾ ಬೇಡ್ವಾ: ವಾರದ ಪೋಲ್ ನಡೆದು ಬಂದ ದಾರಿ

ಉಪ್ಪಿಟ್ಟು ಬೇಕಾ ಬೇಡ್ವಾ? ಮೈಸೂರ್ ಪಾಕ್ ಗಟ್ಟಿ ಇರಬೇಕಾ, ಮೆತ್ತಗಿರಬೇಕಾ? ಇಂಥ ಪ್ರಶ್ನೆ ಕಂಡರೆ ಓಟು ಹಾಕದೆ ಮುಂದೆ ಹೋಗೋರು ಕಮ್ಮಿ. ಪತ್ರಿಕೆಗಳ ಈ ಅಭ್ಯಾಸಕ್ಕೆ 200 ವರ್ಷ ದಾಟಿದೆ, ಶುರುವಾಗಿದ್ದು ಮಾತ್ರ ಚುನಾವಣೆಯಿಂದ.

1824ರ ಅಧ್ಯಕ್ಷ ಚುನಾವಣೆಗೆ ಮುಂಚೆ ಅಮೆರಿಕದ ಹ್ಯಾರಿಸ್‌ಬರ್ಗ್‌ನ ಪತ್ರಿಕೆಯೊಂದು ವಿಲ್ಮಿಂಗ್ಟನ್ ಊರಿನ ಜನರ ಒಲವಿನ ಲೆಕ್ಕವನ್ನು ಅಚ್ಚು ಹಾಕಿತು. ಆಂಡ್ರ್ಯೂ ಜಾಕ್ಸನ್‌ಗೆ 335, ಜಾನ್ ಕ್ವಿನ್ಸಿ ಆಡಮ್ಸ್‌ಗೆ 169. ಆಮೇಲೆ ಇಡೀ ದೇಶದಲ್ಲೂ ಜಾಕ್ಸನ್‌ಗೇ ಜಾಸ್ತಿ ಮತ ಬಂತು, ಆದರೆ ಯಾರಿಗೂ ಬೇಕಾದಷ್ಟು ಬಹುಮತ ಸಿಗದೆ ವಿಷಯ ಸಂಸತ್ತಿಗೆ ಹೋಗಿ ಆಡಮ್ಸ್ ಅಧ್ಯಕ್ಷರಾದರು.

ಇದನ್ನೇ ದೊಡ್ಡದಾಗಿ ಮಾಡಿದ್ದು 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ. 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ಅದು ಸುಮಾರು 1 ಕೋಟಿ ಜನಕ್ಕೆ ಅಂಚೆಯಲ್ಲಿ ಮತಪತ್ರ ಕಳಿಸಿತು. ವಾಪಸ್ ಬಂದಿದ್ದು 20 ಲಕ್ಷಕ್ಕೂ ಹೆಚ್ಚು. ಎದುರಾಳಿ ಲ್ಯಾಂಡನ್ ಗೆಲ್ತಾರೆ ಅಂತ ಪತ್ರಿಕೆ ಹೇಳಿತು, ಆದರೆ ಆಗಿನ ಅಧ್ಯಕ್ಷ ರೂಸ್ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸಗಳನ್ನು ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯ ಪಟ್ಟಿಗಳಿಂದ, ಅಂದರೆ ಸ್ವಲ್ಪ ಅನುಕೂಲಸ್ಥರು. ಅದರ ಜೊತೆಗೆ, ಕಾರ್ಡು ತುಂಬಿ ಕಳಿಸುವ ಉತ್ಸಾಹ ರೂಸ್ವೆಲ್ಟ್ ವಿರೋಧಿಗಳಲ್ಲೇ ಜಾಸ್ತಿ ಇತ್ತು. ಎಷ್ಟೋ ಕಮ್ಮಿ ಜನರನ್ನು, ಆದರೆ ಎಲ್ಲ ವರ್ಗದಿಂದ ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲೋದು ಯಾರು ಅಂತ ಸರಿಯಾಗಿ ಹೇಳಿದರು. 1938ರಲ್ಲಿ ಡೈಜೆಸ್ಟ್ ಮುಚ್ಚಿತು. ಗಂಭೀರ ಸಮೀಕ್ಷೆ ಅಲ್ಲಿಂದ ಗ್ಯಾಲಪ್ ಥರದವರ ಕೆಲಸವಾಯಿತು.

ಓದುಗರ ಪೋಲ್ ಮಾತ್ರ ಸಾಯಲಿಲ್ಲ, ಮನೆಯೊಳಗಿನ ವಿಷಯ ಹಿಡಿದು ಬೆಳೆಯಿತು. ಇದರಲ್ಲಿ ಓದುಗರ ಸಮಸ್ಯೆಗೆ ಸಲಹೆ ಕೊಡುವ ಆನ್ ಲ್ಯಾಂಡರ್ಸ್ ಅವರ ಅಂಕಣ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಆ ಹೆಸರಿನಲ್ಲಿ ಷಿಕಾಗೋದಿಂದ ಬರೆಯುತ್ತಿದ್ದವರು ಎಸ್ತರ್ ಲೆಡರರ್. ಮದುವೆಯಾಗಲಿರುವ ಜೋಡಿಯೊಂದು, ಮಕ್ಕಳು ಬೇಕೋ ಬೇಡವೋ ಗೊತ್ತಾಗ್ತಿಲ್ಲ ಅಂತ ಅವರಿಗೆ ಕಾಗದ ಬರೆಯಿತು. ಅವರು ಓದುಗರನ್ನೇ ಕೇಳಿದರು: ಮತ್ತೊಮ್ಮೆ ಬದುಕು ಶುರು ಮಾಡೋ ಅವಕಾಶ ಸಿಕ್ಕರೆ ನೀವು ಮಕ್ಕಳನ್ನು ಮಾಡಿಕೊಳ್ತೀರಾ? ಸುಮಾರು 10,000 ಉತ್ತರ ಬಂದವು, ನೂರಕ್ಕೆ 70 ಮಂದಿ 'ಇಲ್ಲ' ಎಂದಿದ್ದರು. 1976ರಲ್ಲಿ ಈ ಫಲಿತಾಂಶ ನೋಡಿ ದೇಶವೇ ಬೆಚ್ಚಿತು. ಆಮೇಲೆ 'ನ್ಯೂಸ್‌ಡೇ' ಪತ್ರಿಕೆ ತಾನೇ ಜನರನ್ನು ಆರಿಸಿ ಕೇಳಿದಾಗ ನೂರಕ್ಕೆ 91 ಮಂದಿ 'ಹೌದು' ಅಂದರು! ಇಷ್ಟು ವ್ಯತ್ಯಾಸ ಹೇಗೆ? ಮಕ್ಕಳಿಂದ ನೊಂದವರು ಆ ಪ್ರಶ್ನೆ ಓದಿ ಪೆನ್ನು ತಗೊಂಡರು. ನೆಮ್ಮದಿಯಾಗಿದ್ದವರು ಪುಟ ತಿರುಗಿಸಿ ಮುಂದಿನ ಕೆಲಸಕ್ಕೆ ಹೋದರು, ಅಷ್ಟೇ. ಹಾಗಂತ ಆ ಕಾಗದಗಳು ಸುಳ್ಳಲ್ಲ. ನೆರೆಮನೆಯವರ ಹತ್ತಿರವೂ ಹೇಳಲಾಗದ ಮಾತನ್ನು ಸಾವಿರಾರು ಜನ ಅಲ್ಲಿ ಬರೆದರು, ನನಗೆ ಆ 70ಕ್ಕಿಂತ ಇದೇ ದೊಡ್ಡದು.

ಅದೇ ಅಂಕಣದಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ತುದಿ ಮುಂದೆ ಬೀಳಬೇಕೋ ಗೋಡೆ ಕಡೆಗೋ ಎಂಬ ಚರ್ಚೆಗೂ 15,000ದಷ್ಟು ಕಾಗದ ಬಂದವಂತೆ.

ನಮ್ಮಲ್ಲೂ ಕಾರ್ಡಿನ ಕಾಲ ಇತ್ತು. ದೂರದರ್ಶನದ 'ಸುರಭಿ' ಪೋಲ್ ಅಲ್ಲ, ವಾರದ ಪ್ರಶ್ನೆಯ ಸ್ಪರ್ಧೆ, ಆದರೂ ಅದಕ್ಕೆ ಬರುತ್ತಿದ್ದ ಪೋಸ್ಟ್‌ಕಾರ್ಡಿನ ರಾಶಿ 90ರ ದಶಕದವರಿಗೆ ಚೆನ್ನಾಗಿ ನೆನಪಿರುತ್ತದೆ. 2015ರಲ್ಲಿ ಟ್ವಿಟರ್, 2017ರಲ್ಲಿ ಇನ್‌ಸ್ಟಾಗ್ರಾಂ ಸ್ಟೋರಿ, 2022ರಲ್ಲಿ ವಾಟ್ಸಾಪ್ ಪೋಲ್ ತಂದ ಮೇಲೆ ಅಂಚೆ ಖರ್ಚೂ ಇಲ್ಲ, ಕಾಯೋದೂ ಇಲ್ಲ. ಆದರೆ ಕಾಗದದಲ್ಲಿ ಕಾರಣ ಇರುತ್ತಿತ್ತು: ಉಪ್ಪಿಟ್ಟು ಬೇಡ ಅಂದವರು ಹಾಸ್ಟೆಲ್ಲಿನ ಕಥೆಯನ್ನೂ ಬರೆಯಬಹುದಿತ್ತು. ಒತ್ತಿದ ಬೆರಳಿನಿಂದ ಸಿಗೋದು ಬರೀ ಶೇಕಡಾವಾರು. ಅದಕ್ಕೇ ಪೋಲ್ ನಡೆಸುವವರಲ್ಲಿ ಒಂದು ಕೋರಿಕೆ: ಒಟ್ಟು ಎಷ್ಟು ಜನ ಒತ್ತಿದರು ಅಂತ ಫಲಿತಾಂಶದ ಪಕ್ಕದಲ್ಲೇ ಹಾಕಿ, ಜೊತೆಗೆ 'ಯಾಕೆ?' ಅಂತ ಕೇಳಿ ಬಂದ ಉತ್ತರದಲ್ಲಿ ನಾಲ್ಕನ್ನಾದರೂ ಪ್ರಕಟಿಸಿ.