ಆಧಾರ್ ಕೇಳುವವರು ಕೂಲಿ ಪುಸ್ತಕವನ್ನೂ ಕೇಳಲಿ

ಅರೇಬಿಕಾ ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಚಿಕ್ಕಮಗಳೂರಿನ ನನ್ನ ವಕೀಲಿ ಕಚೇರಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರತೊಡಗುತ್ತದೆ. ತೋಟದ ಮಾಲೀಕರು ಕೇಳುತ್ತಾರೆ: "ನಮ್ಮ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇರುವವರಲ್ಲಿ ಯಾರಾದರೂ ಬಾಂಗ್ಲಾದವರು ಎಂದು ಗೊತ್ತಾದರೆ ನನ್ನ ಮೇಲೆ ಕೇಸ್ ಆಗುತ್ತದೆಯೇ?" ಅದೇ ವಾರ ಹಳ್ಳಿಯ ಕೂಲಿಕಾರರ ಮುಖಂಡರು ಬಂದು ಕೇಳುತ್ತಾರೆ: "ಅಸ್ಸಾಮಿಗಳು ಬಂದ ಮೇಲೆ ನಮ್ಮ ಹೆಂಗಸರಿಗೆ ಕೆಲಸವಿಲ್ಲ. ಅವರನ್ನು ಕಳುಹಿಸಲು ಕಾನೂನಿನಲ್ಲಿ ದಾರಿ ಇದೆಯೇ?"

ಇಬ್ಬರಿಗೂ ನಾನು ಮರಳಿ ಕೇಳುವುದು ಒಂದನ್ನೇ. ಆ ಕಾರ್ಮಿಕರಿಗೆ ಕೂಲಿ ಎಷ್ಟು, ಅದನ್ನು ಯಾರು ಕೊಡುತ್ತಾರೆ, ಯಾವ ಪುಸ್ತಕದಲ್ಲಿ ಬರೆದಿದೆ? ಮಾಲೀಕರು "ಅದೆಲ್ಲ ಮೇಸ್ತ್ರಿ ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ. ಮೇಸ್ತ್ರಿ ಎಂದರೆ ಮುಂಗಡ ಕೊಟ್ಟು ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರ. ಮುಖಂಡರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಮೂಡಿಗೆರೆ, ಸಕಲೇಶಪುರ, ಆಲೂರು, ಕೊಪ್ಪದ ಕಡೆ ಈ ವಿಷಯ ಬಿಸಿಯಾದಾಗಲೆಲ್ಲ ಚರ್ಚೆ ಪೌರತ್ವದ ಸುತ್ತ ತಿರುಗುತ್ತದೆ, ಕೂಲಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಊರಿನವರ ಕೂಲಿ ಏರದಂತೆ ಹಿಡಿದಿಟ್ಟಿರುವುದು ಈ ಮೌನವೇ ಎಂಬುದು ಇಷ್ಟು ವರ್ಷಗಳ ವಕೀಲಿಕೆಯಲ್ಲಿ ನನಗೆ ಖಚಿತವಾಗಿದೆ.

ಊರಿನವರ ದೂರನ್ನು ತಳ್ಳಿಹಾಕುವವರಲ್ಲಿ ನಾನಿಲ್ಲ. ಕಡೂರು, ಬೇಲೂರು ಕಡೆಯ ಬಯಲಿನಿಂದ ಬೆಳಗಿನ ಪಿಕಪ್‌ನಲ್ಲಿ ತೋಟಕ್ಕೆ ಬರುವ ಹೆಂಗಸರ ಮಾತು ಕೇಳಿ. ಅವರಿಗೆ ಸಂಜೆ ಮನೆ ಸೇರಬೇಕು, ಭಾನುವಾರ ರಜೆ ಬೇಕು. ಗಿಡದಲ್ಲಿ ಹಣ್ಣು ಕಡಿಮೆಯಿದ್ದರೆ ಕಿಲೋ ಲೆಕ್ಕ ಬೇಡ, ದಿನಗೂಲಿ ಕೊಡಿ ಎಂದು ವಾದಿಸುತ್ತಾರೆ. ಒಪ್ಪದಿದ್ದರೆ ಮರುದಿನ ಪಿಕಪ್ ಬೇರೆ ತೋಟದ ದಾರಿ ಹಿಡಿಯುತ್ತದೆ. ಲೈನ್ ಮನೆಯಲ್ಲಿ ಮಕ್ಕಳೊಂದಿಗೆ ಇಳಿದುಕೊಂಡಿರುವ ಅಸ್ಸಾಮಿನ ದಂಪತಿಗೆ ಈ ಯಾವ ಸ್ವಾತಂತ್ರ್ಯವೂ ಇಲ್ಲ. ಮುಂಗಡ ತೀರುವ ತನಕ ಅವರು ಕದಲುವಂತಿಲ್ಲ, ಭಾಷೆ ಬಾರದು, ಪೊಲೀಸ್ ಠಾಣೆ ಎಂದರೆ ಎದೆ ನಡುಗುತ್ತದೆ. ಅಗ್ಗಕ್ಕೆ ಸಿಗುತ್ತಾರೆ ಎಂಬ ಕಾರಣಕ್ಕಿಂತ ಬಿಟ್ಟುಹೋಗಲಾರರು ಎಂಬ ಕಾರಣಕ್ಕೇ ಕೆಲವು ಮಾಲೀಕರಿಗೆ ಅವರು ಬೇಕು. ಹಾಗಿರುವಾಗ "ನೀನು ಬಾಂಗ್ಲಾದವನು" ಎಂಬ ಬೆದರಿಕೆ ಬಿಗಿಯಾದಷ್ಟೂ ಅವರು ಇನ್ನಷ್ಟು ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ. ಊರಿನ ಹೆಂಗಸಿನ ಚೌಕಾಸಿಯ ಬಲ ಅಷ್ಟೇ ಕುಗ್ಗುತ್ತದೆ. ತಮ್ಮ ಕೂಲಿಯನ್ನು ಉಳಿಸಿಕೊಳ್ಳಲೆಂದು ಹೊರಟವರ ಕೂಗು ಅದೇ ಕೂಲಿಗೆ ಕುತ್ತಾಗುವುದು ಹೀಗೆ.

ಒಂದು ಸಂಜೆಯ ತೂಕವನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಣದ ಅಂಚಿನಲ್ಲಿ ತಕ್ಕಡಿ. ಹಣ್ಣಿನ ಚೀಲ ಹೊತ್ತು ತಂದವರು ಸಾಲಾಗಿ ನಿಂತಿರುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ತೂಕ ಓದುತ್ತಾರೆ, ಚೀಲದ ತೂಕವೆಂದು ಇಷ್ಟು, ಎಲೆ ಮತ್ತು ಹಸಿರು ಕಾಯಿ ಸೇರಿದೆ ಎಂದು ಇನ್ನಿಷ್ಟು ಕಳೆಯುತ್ತಾರೆ. ಊರಿನ ಹೆಂಗಸು ಅಲ್ಲೇ ಜಗಳಕ್ಕೆ ನಿಲ್ಲುತ್ತಾಳೆ, ಚೀಲ ಬಿಚ್ಚಿ ತೋರಿಸುತ್ತಾಳೆ. ಅವಳ ಹಿಂದಿರುವ ಹುಡುಗ ರೈಟರ್ ಹೇಳಿದ ಅಂಕಿಗೆ ತಲೆಯಾಡಿಸಿ ಪಕ್ಕಕ್ಕೆ ಸರಿಯುತ್ತಾನೆ. ಆ ಅಂಕಿ ಆಮೇಲೆ ಅವನ ಮೇಸ್ತ್ರಿಯ ಪುಸ್ತಕಕ್ಕೆ ಹೋಗುತ್ತದೆ.

ಅಂಥ ಪುಸ್ತಕವೊಂದು ಪ್ರಕರಣದ ಸಾಕ್ಷ್ಯವಾಗಿ ನನ್ನ ಮೇಜಿಗೆ ಬಂದಿತ್ತು. ಶಾಲಾ ಮಕ್ಕಳ ನೂರು ಪುಟದ ನೋಟ್‌ಬುಕ್. ಒಂದೊಂದು ಹೆಸರಿಗೆ ಒಂದೊಂದು ಪುಟ. ಎಡಗಡೆ ತೂಕ. ಬಲಗಡೆ ಊರಲ್ಲಿ ಕೊಟ್ಟ ಮುಂಗಡ, ರೈಲು ಚಾರ್ಜು, ಬೆಂಗಳೂರಿನಿಂದ ತೋಟಕ್ಕೆ ಬಂದ ಜೀಪಿನ ಬಾಡಿಗೆ, ಅಕ್ಕಿ, ಎಣ್ಣೆ, ಮೊಬೈಲ್ ರೀಚಾರ್ಜ್, ಕಂಬಳಿ. ತಿಂಗಳ ಕೊನೆಗೆ ಎಡದಿಂದ ಬಲವನ್ನು ಕಳೆದರೆ ಕೈಗೆ ಬರುವುದು ಪುಡಿಗಾಸು. ಕೆಲವರ ಪುಟದಲ್ಲಿ ಬಲಗಡೆಯ ಮೊತ್ತವೇ ದೊಡ್ಡದು. ಅಂದರೆ ಎರಡು ತಿಂಗಳು ಕೊಯ್ದ ಮೇಲೂ ಅವರೇ ಸಾಲಗಾರರು.

ಈ ಪುಟದಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೇನಿದೆ ಎಂಬುದನ್ನು ಮಾಲೀಕರೂ ಊರಿನವರೂ ತಿಳಿದಿರಬೇಕು. ಪ್ರಯಾಣಕ್ಕೆಂದು ಕೊಟ್ಟ ಮುಂಗಡವನ್ನು ಕೂಲಿಯಿಂದ ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಈ ನಿಯಮವಿದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ಕಾರ್ಮಿಕನೇ ಒಪ್ಪಿ ಸಹಿ ಹಾಕಿದ್ದರೂ ಆ ಒಪ್ಪಂದಕ್ಕೆ ಬೆಲೆಯಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಹೇಳಿತು. ಮುಂಗಡದ ಹೆಸರಿನಲ್ಲಿ ಬೇರೆಡೆ ಹೋಗದಂತೆ ತಡೆದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಬಾಗಿಲಿಗೆ ಬರುತ್ತದೆ. ಕಾರ್ಮಿಕರ ಆಧಾರ್ ಕಾರ್ಡ್ ತನ್ನ ಕಿಸೆಯಲ್ಲೇ ಇಟ್ಟುಕೊಂಡು ಮೇಸ್ತ್ರಿ ಊರಿಗೆ ಹೋಗಿದ್ದಾನೆ ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಮಾತು. ಅಂಥ ಮೇಸ್ತ್ರಿಯನ್ನು ತೋಟದೊಳಗೆ ಬಿಟ್ಟುಕೊಂಡ ಮಾಲೀಕರು ತಮಗೇನೂ ಸಂಬಂಧವಿಲ್ಲ ಎಂದು ಕುಳಿತಿರಲಾಗದು.

ಇನ್ನು ಪೌರತ್ವದ ಮಾತು. ಬಾಂಗ್ಲಾ (ಬಂಗಾಳಿ ಭಾಷೆ) ಮಾತನಾಡಿದರೆ ಬಾಂಗ್ಲಾದೇಶದವನು ಎಂಬ ಊಹೆಯೇ ಎಷ್ಟೋ ಜಗಳದ ಮೂಲ. ಪಶ್ಚಿಮ ಬಂಗಾಳ ಮತ್ತು ತ್ರಿಪುರದ ಮಾತು ಹಾಗಿರಲಿ, ಅಸ್ಸಾಮಿನ ಬರಾಕ್ ಕಣಿವೆಯಲ್ಲಿ, ಸಿಲ್ಚಾರ್ ಕಡೆ, ಬಾಂಗ್ಲಾ ಅಧಿಕೃತ ಭಾಷೆ. ಬಾರ್ಪೇಟಾ, ಧುಬ್ರಿಯಂಥ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಆ ಮಾತಾಡುವವರಿದ್ದಾರೆ. ನಮ್ಮ ತೋಟಗಳಿಗೆ ಬರುವ ಇನ್ನೊಂದು ದೊಡ್ಡ ಗುಂಪು ಅಸ್ಸಾಮಿನ ಚಹಾ ತೋಟಗಳ ಆದಿವಾಸಿಗಳದು. ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದಿಂದ ಅಲ್ಲಿಗೆ ಒಯ್ಯಲ್ಪಟ್ಟವರ ಮೊಮ್ಮಕ್ಕಳು ಅವರು. ಬ್ರಹ್ಮಪುತ್ರ ಕಣಿವೆಯ ಚಹಾ ತೋಟದಲ್ಲಿ 2023ರ ಅಕ್ಟೋಬರ್‌ನಲ್ಲಿ ಏರಿಸಿದ ಮೇಲೂ ದಿನದ ನಗದು ಕೂಲಿ 250 ರೂಪಾಯಿ ಇತ್ತು. ಅಷ್ಟು ದೂರದ ರೈಲು ಹತ್ತುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನದಿ ಕೊರೆದು ಜಮೀನು ನೀರುಪಾಲಾದವರೂ ಅವರ ನಡುವೆ ಇದ್ದಾರೆ.

ಅಸ್ಸಾಮಿನಲ್ಲಿ ಪೌರತ್ವದ ಪ್ರಶ್ನೆ ನಿಜಕ್ಕೂ ಜಟಿಲ. 1985ರ ಅಸ್ಸಾಂ ಒಪ್ಪಂದದ ಪ್ರಕಾರ 1971ರ ಮಾರ್ಚ್ 24 ಗಡಿ ದಿನಾಂಕ, ಅದರ ನಂತರ ಬಂದವರು ವಿದೇಶಿಯರು. ಅದಕ್ಕೆ ಆಧಾರವಾದ ಪೌರತ್ವ ಕಾಯ್ದೆಯ 6ಎ ಕಲಮನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದಿದೆ. 2019ರ ಆಗಸ್ಟ್ 31ರಂದು ಪ್ರಕಟವಾದ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯಿಂದ 19,06,657 ಜನ ಹೊರಗುಳಿದರು. ವರ್ಷಗಟ್ಟಲೆ ಕಾಗದಪತ್ರ ತಿರುವಿ ಹಾಕಿದ ಮೇಲೂ ಅಲ್ಲಿ ಇತ್ಯರ್ಥವಾಗದ ಪ್ರಶ್ನೆಯನ್ನು ಇಲ್ಲಿ ಸಂತೆಯ ದಿನ ನಾಲ್ಕು ಜನ ನಿಂತು ಮುಖ ನೋಡಿ ತೀರ್ಮಾನಿಸಲು ಬರುವುದಿಲ್ಲ. ಆಧಾರ್ ತೋರಿಸು ಎನ್ನುವುದೂ ಉತ್ತರವಲ್ಲ. ಆಧಾರ್ ವಾಸಕ್ಕೆ ಸಂಬಂಧಿಸಿದ ಗುರುತು, ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಅದಿದ್ದರೆ ಭಾರತೀಯ ಎಂದಾಗಲಿ, ಇಲ್ಲದಿದ್ದರೆ ವಿದೇಶಿ ಎಂದಾಗಲಿ ಸಾಬೀತಾಗದು.

ಗಡಿ ದಾಟಿ ಅಕ್ರಮವಾಗಿ ಬಂದವರೂ ಇರಬಹುದು, ಸುಳ್ಳು ದಾಖಲೆ ಮಾಡಿಸಿಕೊಡುವ ದಲ್ಲಾಳಿಗಳೂ ಇರಬಹುದು. ಅವರ ವಿಷಯದಲ್ಲಿ ಕಾನೂನು ಸಡಿಲವಾಗಬೇಕೆಂದು ನಾನು ಹೇಳುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ದಾಖಲೆಯಿಲ್ಲದೆ ಒಳನುಸುಳಿದರೆ ಐದು ವರ್ಷದವರೆಗೆ, ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದರೆ ಎರಡರಿಂದ ಏಳು ವರ್ಷದವರೆಗೆ ಜೈಲು. ಗೊತ್ತಿದ್ದೂ ನೆರವಾದವರಿಗೂ ಶಿಕ್ಷೆಯಿದೆ. ಮಾಲೀಕರ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ: ಬಂದ ದಿನವೇ ಹೆಸರು, ವಿಳಾಸ, ಗುರುತಿನ ದಾಖಲೆಯ ಪ್ರತಿ, ಫೋಟೊ ತೆಗೆದಿಟ್ಟು ಠಾಣೆಗೆ ತಿಳಿಸಿದವರು ಹೆದರಬೇಕಾಗಿಲ್ಲ. ಆದರೆ ಈ ಕಾಯ್ದೆಯಲ್ಲಿ ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಆರೋಪಕ್ಕೆ ಗುರಿಯಾದವನ ಮೇಲೆಯೇ ಬೀಳುತ್ತದೆ. ದೇಶದ ಇನ್ನೊಂದು ಮೂಲೆಯಲ್ಲಿರುವ ಅಪ್ಪನ ಭೂದಾಖಲೆ, ಅಜ್ಜನ ಮತದಾರರ ಪಟ್ಟಿ ತರಿಸುವಷ್ಟರಲ್ಲಿ ಅವನ ಒಂದು ಕೊಯ್ಲಿನ ಕಾಲವೇ ಕಳೆದಿರುತ್ತದೆ. ಹಗುರವಾಗಿ ಆಡಿದ ಒಂದು ಮಾತು ಭಾರತೀಯನೊಬ್ಬನಿಗೆ ಇಷ್ಟು ದುಬಾರಿಯಾಗಬಹುದು. ಪರಿಶೀಲನೆ ಪೊಲೀಸರ ಕೆಲಸ. ಗುಂಪು ಕಟ್ಟಿಕೊಂಡು ಲೈನ್ ಮನೆಗೆ ನುಗ್ಗಿ ದಾಖಲೆ ಕೇಳುವ ಅಧಿಕಾರ ಯಾವ ಸಂಘಟನೆಗೂ ಇಲ್ಲ. ಅದು ಅತಿಕ್ರಮ ಪ್ರವೇಶ, ಅಕ್ರಮ ತಡೆ.

ಸಂವಿಧಾನ ಇಲ್ಲೊಂದು ಗೆರೆ ಎಳೆದಿದೆ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸಿ ದುಡಿಯುವ 19ನೇ ವಿಧಿಯ ಹಕ್ಕು ನಾಗರಿಕರಿಗೆ ಮಾತ್ರ. ಸಮಾನತೆಯ 14 ಮತ್ತು ಜೀವ, ಸ್ವಾತಂತ್ರ್ಯದ 21ನೇ ವಿಧಿಗಳ ರಕ್ಷಣೆ "ಯಾವುದೇ ವ್ಯಕ್ತಿ"ಗೆ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಅದನ್ನು ಬಿಡಿಸಿ ಹೇಳಿದೆ. ವಿದೇಶಿ ಎಂದು ಸಾಬೀತಾದವನನ್ನು ಕಾನೂನಿನ ದಾರಿಯಲ್ಲಿ ಹೊರಗೆ ಕಳುಹಿಸಬಹುದು. ಅವನು ಕೊಯ್ದ ಹಣ್ಣಿನ ಕೂಲಿಯನ್ನು ಮಾಲೀಕರು ಕಿಸೆಗೆ ಹಾಕಿಕೊಳ್ಳಲು ಬರುವುದಿಲ್ಲ.

ಮಲೆನಾಡಿಗೆ ಹೊರಗಿನ ಕೈಗಳು ಹೊಸದೇನಲ್ಲ. ಚಾರ್ಮಾಡಿ, ಶಿರಾಡಿ ಘಟ್ಟ ಹತ್ತಿ ಬಂದ ತುಳುವರು, ತಮಿಳರು, ಮಲಬಾರಿನವರು ಇಲ್ಲಿನ ತೋಟಗಳಲ್ಲಿ ದುಡಿದಿದ್ದಾರೆ. ಅವರನ್ನೂ ಕರೆತಂದದ್ದು ಮುಂಗಡ ಕೊಟ್ಟ ಮೇಸ್ತ್ರಿಗಳೇ. ಇಂದು ಅಸ್ಸಾಮಿಗಳ ಬಗ್ಗೆ ದೂರುವವರಲ್ಲಿ ಅವರ ಮೊಮ್ಮಕ್ಕಳೂ ಇದ್ದಾರೆ, ಅವರ ದೂರಿನಲ್ಲಿ ಹುರುಳೂ ಇದೆ. ಲೈನ್ ಮನೆಯಲ್ಲಿ ಹುಟ್ಟಿ ಬೆಳೆದರೂ ಒಂದು ನಿವೇಶನವಿಲ್ಲದೆ ಉಳಿದ ಕುಟುಂಬಗಳು ಅವು.

ಲೆಕ್ಕದ ಪುಸ್ತಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಅಪಘಾತದ ದಿನ ಎಲ್ಲರಿಗೂ ಅರಿವಾಗುತ್ತದೆ. ಕಾಳುಮೆಣಸು ಕೊಯ್ಯುವಾಗ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸಾಯುವುದು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ನಾನು ನಡೆಸಿದ ಅಂಥದೊಂದು ಪ್ರಕರಣದಲ್ಲಿ ಸತ್ತವನ ಹೆಸರು ತೋಟದ ಹಾಜರಿ ಪುಸ್ತಕದಲ್ಲಿ ಇರಲೇ ಇಲ್ಲ. ಅವನು ಮೇಸ್ತ್ರಿಯ ಆಳು ಎಂದರು ಮಾಲೀಕರು. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಆಮೇಲೆ ವಾದ ಅವನು ಭಾರತೀಯನೇ ಎಂಬುದಕ್ಕೆ ತಿರುಗಿತು. ಅವನು ಅಲ್ಲಿ ಕೆಲಸ ಮಾಡುತ್ತಿದ್ದನೆಂಬುದಕ್ಕೆ ಕೊನೆಗೆ ನೆರವಾದದ್ದು ಜೊತೆಯವನ ಮೊಬೈಲಿನಲ್ಲಿದ್ದ ಒಂದು ಫೋಟೊ: ಅದೇ ಏಣಿ, ಅದೇ ಕಣ, ಹೆಗಲ ಮೇಲೆ ಮೆಣಸಿನ ಚೀಲ.

ಪರಿಹಾರದ ಕಾನೂನು ಪೌರತ್ವ ಕೇಳುವುದಿಲ್ಲ, ಕಾರ್ಮಿಕನೇ ಎಂದಷ್ಟೇ ಕೇಳುತ್ತದೆ. ಗುತ್ತಿಗೆದಾರನ ಮೂಲಕ ಬಂದವನಿಗೂ ಮೊದಲು ಹೊಣೆಗಾರರು ತೋಟದ ಮಾಲೀಕರೇ. ಆಮೇಲೆ ಬೇಕಿದ್ದರೆ ಅವರು ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಲಿ. 25 ವರ್ಷದವನೊಬ್ಬ ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದು ಸತ್ತರೆ, ಅದರ ಅರ್ಧವನ್ನು ಆ ವಯಸ್ಸಿಗೆ ಕಾನೂನು ಗೊತ್ತುಮಾಡಿದ ಗುಣಕ 216.91ರಿಂದ ಗುಣಿಸಬೇಕು. 13,01,460 ರೂಪಾಯಿ. ಸಣ್ಣ ಬೆಳೆಗಾರನೊಬ್ಬನ ಎಷ್ಟೋ ವರ್ಷದ ಲಾಭ ಅದು. ಕಾರ್ಮಿಕರ ವಿಮೆ ಮಾಡಿಸಿ ಎಂದು ನಾನು ಕಂಡಕಂಡ ಬೆಳೆಗಾರರಿಗೆ ಹೇಳುವುದು ಇದಕ್ಕೇ. ಹೆಸರು ಬರೆದಿಡದವನಿಗೆ ವಿಮೆ ಮಾಡಿಸಲು ಆಗುವುದಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತಾನಾಗಿಯೇ ರೈಲು ಹತ್ತಿ ಬಂದವನನ್ನೂ ಅಂತರರಾಜ್ಯ ವಲಸೆ ಕಾರ್ಮಿಕ ಎಂದು ಒಪ್ಪಿಕೊಂಡದ್ದು, ಕನಿಷ್ಠ ಕೂಲಿಯನ್ನು ಎಲ್ಲ ಉದ್ಯೋಗಗಳಿಗೂ ಅನ್ವಯಿಸಿದ್ದು ಒಳ್ಳೆಯದೇ. ಆದರೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐವರು ವಲಸೆ ಕಾರ್ಮಿಕರಿದ್ದರೂ ಅನ್ವಯವಾಗುತ್ತಿತ್ತು, ಈಗ ಹತ್ತು ಜನ ಬೇಕು. ಹಳೆಯ ಕಾಯ್ದೆಯ ಸ್ಥಳಾಂತರ ಭತ್ಯೆಯೂ ಹೋಯಿತು. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಿಶುವಿಹಾರದ ನಿಯಮಗಳು ಐದು ಹೆಕ್ಟೇರ್ ಮೇಲಿನ ತೋಟಕ್ಕೆ ಮಾತ್ರ. ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಬೆಳೆಗಾರರ ಪೈಕಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಏಳೆಂಟು ಜನರನ್ನು ಇಟ್ಟುಕೊಂಡ ಇಂಥ ತೋಟಗಳೇ ಈ ನಿಯಮಗಳಿಂದ ಹೊರಗುಳಿಯುತ್ತವೆ, ಮೇಸ್ತ್ರಿಯ ನೋಟ್‌ಬುಕ್ ಹೆಚ್ಚು ಓಡಾಡುವುದೂ ಇಲ್ಲಿಯೇ.

ಕೊಯ್ಲಿಗೆ ಮುನ್ನ ಪೊಲೀಸರು ತೋಟಗಳಿಗೆ ಹೋಗಿ ಕಾರ್ಮಿಕರ ವಿವರ ಸಂಗ್ರಹಿಸುವಾಗ ಕಾರ್ಮಿಕ ನಿರೀಕ್ಷಕರೂ ಜೊತೆಗಿರಲಿ ಎಂಬುದು ಜಿಲ್ಲಾಡಳಿತಗಳಿಗೆ ನನ್ನ ಒತ್ತಾಯ. ಬಾಂಗ್ಲಾ ಮತ್ತು ಚಹಾ ತೋಟದ ಆದಿವಾಸಿಗಳ ಸಾದ್ರಿ ಭಾಷೆ ಬಲ್ಲ ಒಬ್ಬರನ್ನು ಕರೆದೊಯ್ಯಲಿ. ಗುರುತಿನ ಚೀಟಿ ನೋಡುವಾಗಲೇ ಕೂಲಿ ಚೀಟಿಯನ್ನೂ ನೋಡಲಿ, ಮುಂಗಡ ಎಷ್ಟು, ರೈಲು ಚಾರ್ಜು ಹಿಡಿದಿದ್ದಾರೆಯೇ, ಆಧಾರ್ ಕಾರ್ಡ್ ಯಾರ ಬಳಿ ಇದೆ ಎಂದು ಮೇಸ್ತ್ರಿ ಎದುರಿಗಿಲ್ಲದಾಗ ಕೇಳಲಿ. ಊರಿನ ಕೂಲಿಕಾರರ ಸಂಘದವರು ಬೇಡಿಕೆ ಪಟ್ಟಿ ಕೊಡುವಾಗ ಹೊರಗಿನವರನ್ನು ಕಳುಹಿಸಿ ಎಂಬ ಸಾಲಿನ ಬದಲು, ಒಂದೇ ತೋಟದಲ್ಲಿ ಒಂದೇ ಕಿಲೋ ದರ, ಎಲ್ಲರಿಗೂ ಒಂದೇ ತಕ್ಕಡಿ ಎಂದು ಬರೆದು ತರಲಿ. ಆ ಅರ್ಜಿಯನ್ನು ನಾನು ಶುಲ್ಕವಿಲ್ಲದೆ ಬರೆದುಕೊಡುತ್ತೇನೆ, ಕಾರ್ಮಿಕ ಇಲಾಖೆಯ ಮೆಟ್ಟಿಲನ್ನೂ ಅವರ ಜೊತೆಗೇ ಹತ್ತುತ್ತೇನೆ.