ಅಧ್ಯಯನ ಟಿಪ್ಪಣಿ: ಕೆಲಸ 85 ನಿಮಿಷ, ಬಿಲ್ ಪಾಸಾಗಲು 23 ದಿನ

ಪ್ರಕ್ರಿಯೆ ಸುಧಾರಣೆ ಅಂದಕೂಡಲೇ ಏಳು ಬಗೆಯ ಪೋಲುಗಳ ಪಟ್ಟಿ ಬರೆದು ಮುಗಿಸುವುದು ನಮ್ಮ ರೂಢಿ. ಟೊಯೋಟಾದ ತೈಚಿ ಒಹ್ನೊ ಮಾಡಿದ ಆ ಪಟ್ಟಿ ಒಳ್ಳೆಯದೇ. ಆದರೆ ಕಚೇರಿ ಕೆಲಸದ ಮಟ್ಟಿಗೆ ಅದರಲ್ಲಿ ಒಂದನ್ನು, ಕಾಯುವುದನ್ನು, ಗಟ್ಟಿಯಾಗಿ ಹಿಡಿದರೆ ಮುಕ್ಕಾಲು ಪಾಲು ತಿಳಿದಂತೆ.

ತುಮಕೂರಿನ ವಸಂತನರಸಾಪುರದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಲೆಕ್ಕವೂ ಕಲಿಕೆಗೆ ಇಟ್ಟುಕೊಂಡದ್ದೇ. ಸರಬರಾಜುದಾರನ ಮಾಲು ಗೇಟಿಗೆ ಬಂದಲ್ಲಿಂದ ಅವನ ಖಾತೆಗೆ ಹಣ ಬೀಳುವವರೆಗೆ ಆಗುವ ಕೆಲಸ ಇಷ್ಟೇ: ಗೇಟ್ ಎಂಟ್ರಿ 10 ನಿಮಿಷ, ಸ್ಟೋರ್ಸ್‌ನಲ್ಲಿ ಜಿಆರ್‌ಎನ್ (ಮಾಲು ಬಂದದ್ದಕ್ಕೆ ಬರೆಯುವ ರಸೀದಿ) 15, ಕ್ಯೂಸಿ (ಗುಣಮಟ್ಟ) ತಪಾಸಣೆ 40, ಪಿಒ (ಖರೀದಿ ಆದೇಶ), ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡುವುದು 10, ಸಹಿ 5, ಬ್ಯಾಂಕ್ ಪಾವತಿ 5. ಒಟ್ಟು 85 ನಿಮಿಷ. ಹಿಡಿಯುವುದು ಮಾತ್ರ 23 ಕೆಲಸದ ದಿನ. ದಿನಕ್ಕೆ ಎಂಟು ಗಂಟೆಯಂತೆ 11,040 ನಿಮಿಷ. ಕೈ ಆಡಿದ್ದು ಶೇ. 1ಕ್ಕೂ ಕಡಿಮೆ. ಆದ್ದರಿಂದ ಗುಮಾಸ್ತರಿಗೆ 'ಬೇಗ ಬೇಗ ಮಾಡಿ' ಅನ್ನುವುದರಿಂದ ಏನೂ ಆಗದು. 85 ನಿಮಿಷವನ್ನು ಅರ್ಧಕ್ಕಿಳಿಸಿದರೂ 23 ದಿನ 23 ದಿನವಾಗಿಯೇ ಉಳಿಯುತ್ತದೆ.

ಮೊದಲು ಅಳತೆ. ಪ್ರತಿ ಐದನೇ ಬಿಲ್ಲಿಗೆ ಒಂದು ಚೀಟಿ ಪಿನ್ ಮಾಡಿ. ಪ್ರತಿ ಮೇಜಿನಲ್ಲೂ ಬಂದ ದಿನ, ಹೋದ ದಿನ ಬರೆಯಬೇಕು, ಅಷ್ಟೇ. ಮೂವತ್ತು-ನಲವತ್ತು ಚೀಟಿ ವಾಪಸ್ ಬಂದರೆ ಸಾಕು. ಮ್ಯಾನೇಜರ್ ಬಾಯಲ್ಲಿ ಕೇಳಿ ಫ್ಲೋಚಾರ್ಟ್ ಬರೆಯಬೇಡಿ. ಅದು ನಡೆಯಬೇಕಾದ ದಾರಿ, ನಡೆಯುತ್ತಿರುವ ದಾರಿಯಲ್ಲ. ನಮ್ಮ ಉದಾಹರಣೆಯಲ್ಲಿ ಚೀಟಿ ಹೇಳಿದ್ದು: ಗೇಟಿನಿಂದ ಸ್ಟೋರ್ಸ್‌ಗೆ 2 ದಿನ, ಕ್ಯೂಸಿ 3, ತಾಳೆ 9, ಸಹಿ 6, ಪಾವತಿ 3.

ಚೀಟಿ ಸುಳ್ಳು ಹೇಳುತ್ತಿಲ್ಲವೇ ಎಂದು ನೋಡಲು ಲಿಟಲ್‌ನ ನಿಯಮ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಒಳಗಿರುವ ಒಟ್ಟು ಸಂಖ್ಯೆ = ದಿನಕ್ಕೆ ಹೊರಹೋಗುವ ಸಂಖ್ಯೆ × ಒಂದೊಂದು ಒಳಗಿರುವ ದಿನ. ದಿನಕ್ಕೆ 20 ಬಿಲ್, 23 ದಿನ, ಅಂದರೆ ಮೇಜುಗಳ ಮೇಲೆ ಸುಮಾರು 460 ಬಿಲ್ ಇರಬೇಕು. ಎಣಿಸಿದಾಗ 300 ಮಾತ್ರ ಸಿಕ್ಕರೆ ಯಾವುದೋ ಡ್ರಾಯರಿನಲ್ಲಿ ಒಂದು ಕಂತೆ ಮಲಗಿದೆ, ಇಲ್ಲವೇ ಚೀಟಿಯ ದಿನಾಂಕ ತಪ್ಪು. ತಿಂಗಳ ಕೊನೆಯ ನೂಕುನುಗ್ಗಲಲ್ಲಿ ಒಂದೇ ದಿನ ಎಣಿಸಿ ಈ ಸೂತ್ರ ಹಾಕಬೇಡಿ, ತಿಂಗಳ ಸರಾಸರಿ ಬೇಕು.

ಎಲ್ಲಿ ಕೈ ಹಾಕಬೇಕು? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲನ್ನು ನೆನೆಯಿರಿ. ಭಾನುವಾರ ಬೆಳಿಗ್ಗೆ ಸಾಲು ಬೆಳೆದಾಗ ಸಪ್ಲೈಯರ್‌ಗಳನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ಒಂದು ಒಬ್ಬೆ ಇಡ್ಲಿ ಬೆಂದು ಇಳಿಯುವವರೆಗೆ ಎಲ್ಲರೂ ಕಾಯಲೇಬೇಕು. ನಮ್ಮ ಒಬ್ಬೆ ತಾಳೆಯ ಮೇಜು. ಅಲ್ಲಿ ನಿಂತ ಬಿಲ್ಲುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಎರಕದ ಮಾಲಿನವು. ಪಿಒ 500 ನಗಕ್ಕೆ. ಫೌಂಡ್ರಿಯವರ ಬಿಲ್ ಕೆ.ಜಿ. ಲೆಕ್ಕದಲ್ಲಿ. ನಗಕ್ಕೆ 2.4 ಕೆ.ಜಿ.ಯಂತೆ 1,200 ಬರಬೇಕು, ತೂಕದ ಚೀಟಿಯಲ್ಲಿ 1,214. ವ್ಯತ್ಯಾಸ ಶೇ. 1.17. ಸಾಫ್ಟ್‌ವೇರಿನಲ್ಲಿ ಬಿಡಬಹುದಾದ ವ್ಯತ್ಯಾಸ ಸೊನ್ನೆ ಎಂದಿದೆ, ಬಿಲ್ ನಿಂತಿತು. ಗುಮಾಸ್ತ ಪರ್ಚೇಸ್‌ಗೆ ಫೋನ್ ಮಾಡುತ್ತಾನೆ, ಪರ್ಚೇಸ್‌ನವರು ಫೌಂಡ್ರಿಗೆ, ಮೂರು ದಿನದ ಮೇಲೆ 'ಸರಿ ಹಾಕ್ಕೊಳ್ಳಿ' ಎಂಬ ಉತ್ತರ. ಎರಕದ ತೂಕ ಅಚ್ಚಿನಿಂದ ಅಚ್ಚಿಗೆ ತುಸು ಏರುಪೇರಾಗುವುದು ಸಹಜ. ತಪ್ಪು ಗುಮಾಸ್ತನದಲ್ಲ, ಐಟಂ ಮಾಸ್ಟರಿನದು, ಅಂದರೆ ಸಾಫ್ಟ್‌ವೇರಿನಲ್ಲಿ ಪ್ರತಿ ಮಾಲಿನ ಅಳತೆ, ಮಿತಿ ಬರೆದಿಟ್ಟ ಪಟ್ಟಿಯದು. ಪಿಒವನ್ನೇ ಕೆ.ಜಿ.ಯಲ್ಲಿ ಹಾಕಿ, ನಗವನ್ನು ಎರಡನೇ ಅಳತೆಯಾಗಿಡಿ, ಎರಕಕ್ಕೆ ಮಾತ್ರ ಶೇ. 2 ಬಿಡಿ. ಆದರೆ ಪ್ರತಿ ಫೌಂಡ್ರಿಯ ವ್ಯತ್ಯಾಸವನ್ನು ತಿಂಗಳಿಗೊಮ್ಮೆ ಕೂಡಿ ನೋಡಬೇಕು. ಸಹಜ ಏರುಪೇರು ಎರಡೂ ಕಡೆ ಬೀಳುತ್ತದೆ. ಯಾವಾಗಲೂ ಶೇ. 1.9 ಹೆಚ್ಚೇ ಬರುತ್ತಿದ್ದರೆ ನಿಮ್ಮ ಮಿತಿ ಅವರಿಗೆ ಗೊತ್ತಾಗಿದೆ ಎಂದರ್ಥ.

ಸಹಿ. ಎಂ.ಡಿ. ಶನಿವಾರ ಮಾತ್ರ ಸಹಿ ಹಾಕುತ್ತಾರೆ, ಆ ಶನಿವಾರ ಬೆಂಗಳೂರಿಗೆ ಹೋದರೆ ಮುಂದಿನ ಶನಿವಾರ. 25,000 ರೂಪಾಯಿವರೆಗಿನವನ್ನು ಅಕೌಂಟ್ಸ್ ಮುಖ್ಯಸ್ಥರಿಗೆ ಬಿಟ್ಟರೆ 20ರಲ್ಲಿ 14 ಅಲ್ಲೇ ಮುಗಿಯುತ್ತವೆ. ಪಿಒ ಹಾಕಿದವರೇ ಬಿಲ್ ಪಾಸ್ ಮಾಡಬಾರದು. 40,000ದ ಪಿಒ ಎರಡು 20,000 ಆಗುತ್ತಿದೆಯೇ ಎಂದು ವರದಿ ತೆಗೆಯುತ್ತಿರಬೇಕು. ಮಿತಿ ಹಾಕಿದ ಮೊದಲ ತಿಂಗಳಿಂದಲೇ ಇದು ಶುರುವಾಗಬಹುದು.

ಕ್ಯೂಸಿಯಲ್ಲಿ ದಿನಕ್ಕೆ 20 ಲಾಟ್, 40 ನಿಮಿಷದಂತೆ 800 ನಿಮಿಷ. ಇಬ್ಬರು ಇನ್‌ಸ್ಪೆಕ್ಟರುಗಳ ಸಮಯ 960, ಅಂದರೆ ಹೊರೆ ಸುಮಾರು ಶೇ. 83. ಬಿಡುವಿದೆ ಅನಿಸುತ್ತದೆ, ಆದರೆ ಕಾಯುವಿಕೆ ನೇರ ಗೆರೆಯಲ್ಲಿ ಏರುವುದಿಲ್ಲ. ಒಂದೇ ಮೇಜಿನ ಸರಳ ಮಾದರಿಯಲ್ಲಿ ಶೇ. 80 ಹೊರೆಗೆ ಸರಾಸರಿ ಕಾಯುವಿಕೆ ಕೆಲಸದ ಸಮಯದ 4 ಪಟ್ಟು, ಶೇ. 90ಕ್ಕೆ 9 ಪಟ್ಟು. ಒಬ್ಬರು ರಜೆ ಹಾಕಿದ ದಿನದ ಗುಡ್ಡೆ ಮರುದಿನವೇ ಕರಗದಿರುವುದು ಇದಕ್ಕೇ. ಸತತ ಹತ್ತು ಲಾಟ್ ಸರಿ ಬಂದ ಸರಬರಾಜುದಾರನ ಮಾಲಿನಲ್ಲಿ ಮೂರಕ್ಕೊಂದನ್ನು ಮಾತ್ರ ತಪಾಸಿಸಿ. ಒಂದು ಕೆಟ್ಟರೆ ಮತ್ತೆ ಎಲ್ಲವನ್ನೂ.

ಇದು ಬರೀ ಶಿಸ್ತಿನ ಮಾತಲ್ಲ. ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ 2006ರ 15ನೇ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಸರಬರಾಜುದಾರರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. 23 ಕೆಲಸದ ದಿನ ಭಾನುವಾರ ಸೇರಿದರೆ 26-27 ಆಗುತ್ತದೆ, ಒಪ್ಪಂದವಿಲ್ಲದ ಫೌಂಡ್ರಿಗೆ ನಾವು ಆಗಲೇ ತಪ್ಪಿತಸ್ಥರು. ಮಾಲಿನ ಬಗ್ಗೆ ಆಕ್ಷೇಪವಿದ್ದರೆ ಅದನ್ನೂ 15 ದಿನದೊಳಗೆ ಬರಹದಲ್ಲೇ ಕೊಡಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ತಾಳೆ 9ರಿಂದ 2ಕ್ಕೆ, ಸಹಿ 6ರಿಂದ 2ಕ್ಕೆ ಇಳಿದರೆ ಒಟ್ಟು 12 ದಿನ, ಮೇಜಿನ ಮೇಲೆ 240 ಬಿಲ್. ಹೊಸ ಸಾಫ್ಟ್‌ವೇರಿನ ಮಾತು ಇದಾದ ಮೇಲೆ. ಅದಕ್ಕೂ ಮುಂಚೆ ಕೊಂಡರೆ ಗಾಡಿ ಜಾಡಿಗೆ ಟಾರು ಹಾಕಿದಂತೆ: ಅಂಕುಡೊಂಕು ಹಾಗೇ ಇರುತ್ತದೆ, ಇನ್ನು ಅಗೆಯುವುದೂ ಕಷ್ಟ. ಹೊಸದು ಬಂದ ಮೇಲೂ ಸ್ಟೋರ್ಸ್‌ನವರು ಪಕ್ಕದಲ್ಲಿ ಎಕ್ಸೆಲ್ ಶೀಟ್ ಇಟ್ಟುಕೊಂಡಿದ್ದರೆ ಬೈಯಬೇಡಿ, ಆ ಶೀಟಿನ ಕಾಲಂಗಳನ್ನು ಓದಿ. ಸಾಫ್ಟ್‌ವೇರಿನಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಅಲ್ಲಿದೆ.